ಅಮ್ಮನ ಕಣ್ಣಿಗೆ ಕ್ಯಾನ್ಸರ್ ಇಂಜೆಕ್ಷನ್ ಯಾಕೆ?

ಹಾಸನದವನು:
ಅಮ್ಮನಿಗೆ 15 ವರ್ಷದಿಂದ ಶುಗರ್. ಹೋದ ವಾರ ಬಲಗಣ್ಣಿನ ಮುಂದೆ ಕಪ್ಪು ದಾರದ ಹಾಗೆ ಏನೋ ತೇಲುತ್ತಿದೆ ಅಂದರು. ತೋರಿಸಿದರೆ ರೆಟಿನಾದ (ಕಣ್ಣಿನ ಹಿಂಭಾಗದ ಪರದೆ) ಮೇಲೆ ಹೊಸ ರಕ್ತನಾಳ ಬೆಳೆದು ಸ್ವಲ್ಪ ರಕ್ತ ಸೋರಿದೆಯಂತೆ. ಕಣ್ಣಿನೊಳಗೆ ಅವಾಸ್ಟಿನ್ ಅನ್ನೋ ಇಂಜೆಕ್ಷನ್ ಕೊಟ್ಟು ಆಮೇಲೆ ಲೇಸರ್ ಮಾಡ್ತಾರಂತೆ. ಮನೆಗೆ ಬಂದು ಹುಡುಕಿದರೆ ಅದು ಕರುಳಿನ ಕ್ಯಾನ್ಸರ್ ಔಷಧಿ! ಅಮ್ಮ ಹೆದರಿ ಕೂತಿದ್ದಾರೆ. ಅದೂ ಅಲ್ಲದೆ ಹೊಸ ರಕ್ತನಾಳ ಬಂದರೆ ಒಳ್ಳೇದೇ ಅಲ್ವಾ?

ಕಣ್ಣಿನ ವಾರ್ಡ್ ನರ್ಸ್:
ಒಳ್ಳೇದಲ್ಲ. ಶುಗರ್‌ನಿಂದ ಹಳೆಯ ಸಣ್ಣ ನಾಳಗಳು ಮುಚ್ಚಿಕೊಂಡಾಗ ರೆಟಿನಾಗೆ ಆಮ್ಲಜನಕ ಸಾಲದು, ಆಗ ಅದು ವಿಇಜಿಎಫ್ ಅನ್ನೋ ಪ್ರೋಟೀನ್ ಬಿಡುತ್ತದೆ, ಅದರಿಂದ ಹೊಸ ನಾಳ ಹುಟ್ಟುತ್ತದೆ. ಆದರೆ ಅವು ತೀರಾ ತೆಳು. ಸೋರುತ್ತವೆ, ಒಡೆಯುತ್ತವೆ, ಜೊತೆಗೆ ಬೆಳೆಯುವ ಪದರ ಬಿಗಿದರೆ ರೆಟಿನಾವನ್ನೇ ಎಳೆದು ಕೀಳಬಹುದು.

ಕ್ಯಾನ್ಸರ್ ಗೆಡ್ಡೆಯೂ ಇದೇ ಪ್ರೋಟೀನ್ ಬಿಟ್ಟು ತನ್ನ ಕಡೆಗೆ ರಕ್ತ ಎಳೆದುಕೊಳ್ಳುತ್ತದೆ. ನಾಳ ಬೆಳೆಯದ ಹಾಗೆ ಮಾಡಿದರೆ ಗೆಡ್ಡೆಯನ್ನು ತಡೆಯಬಹುದು ಅಂತ ಅಮೆರಿಕದ ಸರ್ಜನ್ ಜುಡಾ ಫೋಕ್‌ಮನ್ 1971ರಲ್ಲೇ ಬರೆದಿದ್ದರು. ಅವಾಸ್ಟಿನ್ ಈ ವಿಇಜಿಎಫ್ ಅನ್ನೇ ತಡೆಯುತ್ತದೆ, ಅದಕ್ಕೇ ಎರಡಕ್ಕೂ ಕೊಡುತ್ತಾರೆ. ಅದಕ್ಕೆ ಅಮೆರಿಕದಲ್ಲಿ ಕ್ಯಾನ್ಸರ್ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಕರುಳಿನ ಕ್ಯಾನ್ಸರ್‌ಗೆ ದೇಹದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಕೊಡುತ್ತಾರೆ, ಕಣ್ಣಿಗೆ ಒಟ್ಟು 1.25 ಮಿಲಿಗ್ರಾಂ ಅಷ್ಟೇ. ಇತ್ತೀಚೆಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಏನಾದರೂ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಗದ್ದೆಯ ಮಗ:
ಲೇಸರ್ ಮಾತ್ರ ತಪ್ಪಿಸಬೇಡಿ ಸಾರ್. ನಮ್ಮ ಅಪ್ಪನಿಗೆ ಎರಡು ಇಂಜೆಕ್ಷನ್ ಆದ ಮೇಲೆ ಚೆನ್ನಾಗಿ ಕಾಣಿಸಿತು, ಇನ್ನೇನು ವಾಸಿ ಆಯ್ತಲ್ಲ ಅಂತ ಭತ್ತದ ಕೊಯ್ಲು, ತಂಗಿ ಮದುವೆ ಅಂತ ಐದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಒಂದು ಬೆಳಗ್ಗೆ ಕಣ್ಣೊಳಗೆಲ್ಲ ರಕ್ತ. ಮುಖದ ಮುಂದೆ ಕೈ ಆಡಿಸಿದರೂ ಗೊತ್ತಾಗಲಿಲ್ಲ. ಕೊನೆಗೆ ಆಪರೇಷನ್ ಆಯ್ತು, ಕಂಡಿದ್ದು ಅರ್ಧಂಬರ್ಧ.

ಕಣ್ಣಿನ ವಾರ್ಡ್ ನರ್ಸ್:
ಇದನ್ನೇ ದಿನಾ ನೋಡುತ್ತೇವೆ. ಇಂಜೆಕ್ಷನ್ ಪ್ರಭಾವ ಕೆಲವು ವಾರದಲ್ಲಿ ಇಳಿಯುತ್ತದೆ, ನಾಳ ಮತ್ತೆ ಚಿಗುರುತ್ತದೆ. ಲೇಸರ್ ರೆಟಿನಾದ ಅಂಚನ್ನು ಸುಟ್ಟು ಆಮ್ಲಜನಕದ ಬೇಡಿಕೆಯನ್ನೇ ಇಳಿಸುತ್ತದೆ, ಅದಕ್ಕೇ ಅದು ಹೆಚ್ಚು ಕಾಲ ನಿಲ್ಲುತ್ತದೆ. ರಾತ್ರಿ ನೋಟ, ಪಕ್ಕದ ನೋಟ ಸ್ವಲ್ಪ ಕಮ್ಮಿ ಆಗಬಹುದು, ಸುಳ್ಳು ಹೇಳಲ್ಲ.

ಹಾಸನದವನು:
ಕಣ್ಣಿಗೆ ಸೂಜಿ ಅಂದರೆ ನನಗೇ ಮೈ ಜುಮ್ಮೆನ್ನುತ್ತದೆ. ತುಂಬಾ ನೋಯುತ್ತಾ?

ಗದ್ದೆಯ ಮಗ:
ಮರಗಟ್ಟಿಸೋ ಡ್ರಾಪ್ಸ್ ಹಾಕಿ ಬಿಳಿ ಭಾಗಕ್ಕೆ ಚುಚ್ಚುತ್ತಾರೆ. ಅಪ್ಪ "ಇಷ್ಟೇನಾ?" ಅಂದಿದ್ದರು.

ಕಣ್ಣಿನ ವಾರ್ಡ್ ನರ್ಸ್:
ಆದರೆ ಆಮೇಲೆ ಕೆಲವು ದಿನದೊಳಗೆ ನೋವು ಜಾಸ್ತಿ ಆಗಿ, ಕಣ್ಣು ಕೆಂಪಾಗಿ, ನೋಟ ಮಂಜಾದರೆ ಅವತ್ತೇ ಓಡಿ, ಸೋಂಕು ಇರಬಹುದು. ಎಡಗಣ್ಣಿನದೂ ರೆಟಿನಾ ನೋಡಿದ್ದಾರಾ?

ಹಾಸನದವನು:
ಕೇಳಲೇ ಇಲ್ಲ. ಸೋಮವಾರ ಕೇಳುತ್ತೇನೆ.