ಮೈನ್‌ಕ್ರಾಫ್ಟ್ ಸರ್ವರ್ ಮನ್ಯಾಗ ಇಡೋದೋ, ಬಾಡಿಗಿ ಹಿಡಿಯೋದೋ? ನಡೆಸಿದಾವ್ರು ಹೇಳ್ರಿ

ಗುಮ್ಮಟ_ಕಟ್ಟಾವ (ವಿಜಯಪುರ):
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಗುಂಪಿನಾಗ 18 ಮಂದಿ ಅದೀವಿ, ಬ್ಲಾಕ್ ಇಟ್ಟು ಕಟ್ಟೋ ಮೈನ್‌ಕ್ರಾಫ್ಟ್ ಆಟ ಒಂದ ಸರ್ವರ್ (ಎಲ್ಲಾರೂ ಕೂಡೋ ಮಶೀನ್) ಮ್ಯಾಲ ಆಡ್ತೀವಿ. ರಾತ್ರಿ 8ರಿಂದ 12ರ ತನಕ ಒಮ್ಮೆಲೆ 10-12 ಮಂದಿ ಇರ್ತೀವಿ. ಏಳು ಮಂದಿ ಮೊಬೈಲ್‌ನಾಗ ಬೆಡ್‌ರಾಕ್, ಉಳಿದಾವ್ರು ಪಿಸಿ ಮ್ಯಾಲ ಜಾವಾ, ಎರಡೂ ಆಟದ ಬ್ಯಾರೆ ಬ್ಯಾರೆ ಆವೃತ್ತಿ. ಗೋಳಗುಮ್ಮಟ ಅದರ ಖರೇ ಅಳತಿನಾಗ ಕಟ್ಟಾಕತ್ತೀವಿ, ಒಂದು ಬ್ಲಾಕ್ ಅಂದ್ರ ಒಂದು ಮೀಟರ್. ಈಗಿರೋ ಉಚಿತ ಸರ್ವರ್ ಯುರೋಪಿನಾಗ ಐತಿ, ಪಿಂಗ್ (ಸುದ್ದಿ ಹೋಗಿ ಬರೋ ಹೊತ್ತು) 170 ಮಿಲಿಸೆಕೆಂಡ್ ಬರ್ತದ, ಯಾರೂ ಇಲ್ಲಂದ್ರ ತಾನ ಬಂದ್ ಆಗ್ತದ. ನನ್ನ ಹತ್ರ ಹಳೇ ಟವರ್ ಪಿಸಿ ಐತಿ: ಐ5-4570, 8 ಜಿಬಿ ರಾಮ್. ಅದನ್ನ ಮನ್ಯಾಗ ಹಚ್ಚಿ ಬಿಡ್ಲೋ, ಮುಂಬೈಯಾಗ ವಿಪಿಎಸ್ (ಕಂಪನಿಯ ದೊಡ್ಡ ಮಶೀನಿನಾಗ ಒಂದು ಪಾಲು) ಬಾಡಿಗಿ ಹಿಡೀಲೋ? ಎಲ್ಲಾರೂ ಕೂಡಿ ತಿಂಗಳಿಗೆ ₹1,200 ಹಾಕ್ತೀವಿ.

ಇಳಕಲ್_ಪಿಕ್ಸೆಲ್ (ಬಾಗಲಕೋಟೆ):
ಮನ್ಯಾಗ ಇಡ್ರಿ, ಎರಡನೇ ಮಾತಿಲ್ಲ. ಇಲ್ಲೆ 20 ತಿಂಗಳ ಲೆಕ್ಕ ಐತಿ, ನೋಡ್ರಿ. ಆಫೀಸಿನಾವ್ರು ಬಳಸಿ ಬಿಟ್ಟ ಮಿನಿ ಪಿಸಿ, ಐ5-6500ಟಿ, ₹9,500. ಇನ್ನೊಂದು 8 ಜಿಬಿ ರಾಮ್ ₹1,400. 600 ವಿಎ ಯುಪಿಎಸ್ ₹2,900. ಅದರ ಬ್ಯಾಟರಿ ಒಮ್ಮೆ ಬದಲಿ ಮಾಡಿದ್ದು, 12 ವೋಲ್ಟ್ 7 ಎಎಚ್, ₹950. ಒಟ್ಟು ₹14,750, ಅಂದ್ರ ತಿಂಗಳಿಗೆ ₹740. ಮಿನಿ ಪಿಸಿ ಸರಾಸರಿ 25 ವ್ಯಾಟ್ ಎಳೀತದ, ತಿಂಗಳಿಗೆ 18 ಯೂನಿಟ್. ಯೂನಿಟ್‌ಗೆ ₹6 ಹಿಡಿದ್ರ ₹108. ಟವರ್ ಪಿಸಿ 60 ವ್ಯಾಟ್ ಎಳದ್ರ 43 ಯೂನಿಟ್ ಆಗ್ತದ, ಅದು ಬ್ಯಾರೆ ಮಾತು.

ಗೃಹಜ್ಯೋತಿ ಇದ್ದ ಮನಿಯಾವ್ರು ಎಡವೋದ ಇಲ್ಲೆ. 200 ಯೂನಿಟ್ ಪೂರಾ ಫುಕಟ್ ಅಂತ ತಿಳೀಬ್ಯಾಡ್ರಿ. 2022-23ರ ಸರಾಸರಿ ತಿಂಗಳಿಗೆ 120 ಯೂನಿಟ್ ಇತ್ತಂದ್ರ ಅದರ ಮ್ಯಾಲ ಶೇ 10, ಅಂದ್ರ 132 ಅಷ್ಟ ನಿಮ್ಮ ಪಾಲು. ಅದರಾಚಿಗಿನ ಯೂನಿಟ್‌ಗೆ ರೊಕ್ಕ ಕಟ್ಟಬೇಕು. 200 ದಾಟಿತಂದ್ರ ಇಡೀ ಬಿಲ್ಲ ನಿಮ್ಮ ತಲಿ ಮ್ಯಾಲ. ಬ್ಯಾಸಗ್ಯಾಗ ಕೂಲರ್ ಓಡೋ ಮನ್ಯಾಗ 43 ಯೂನಿಟ್ ಸಣ್ಣದಲ್ಲ.

ಯುಪಿಎಸ್ ಸುದ್ದಿ ಯಾರೂ ಸರಿಯಾಗಿ ಹೇಳಂಗಿಲ್ಲ, ಅದಕ್ಕ ನಾ ಹೇಳ್ತೀನಿ. ಅಗ್ಗದ 600 ವಿಎ ಡಬ್ಬಿಗೆ ಯುಎಸ್‌ಬಿ ಇರಂಗಿಲ್ಲ, ಹಂಗಾಗಿ ಕರೆಂಟ್ ಹೋಗಿದ್ದು ಪಿಸಿಗೆ ಗೊತ್ತ ಆಗಂಗಿಲ್ಲ. ಬ್ಯಾಟರಿ ಮುಗೀತನ ಓಡಿ ಧಪ್ ಅಂತ ಬೀಳ್ತದ. ಉಪಾಯ: ಒಂದು ಹಳೇ ರೌಟರ್ ಯುಪಿಎಸ್‌ಗೂ ಇನ್ವರ್ಟರ್‌ಗೂ ಹಚ್ಚಲಾರದ ನೇರ ಲೈನಿಗೆ ಹಚ್ರಿ. ಸರ್ವರ್ ಅದಕ್ಕ ನಿಮಿಷಕ್ಕೊಮ್ಮೆ ಪಿಂಗ್ ಮಾಡ್ಲಿ. ಐದು ಸಲ ಉತ್ತರ ಬರಲಿಲ್ಲಂದ್ರ ಸ್ಕ್ರಿಪ್ಟ್ 'ಸ್ಟಾಪ್' ಕೊಟ್ಟು, ವರ್ಲ್ಡ್ ಉಳಿಸಿ, ಮಶೀನ್ ಬಂದ್ ಮಾಡ್ತದ. ಇನ್ನೊಂದು: ಮನಿ ಇನ್ವರ್ಟರ್ ಸ್ಕ್ವೇರ್ ವೇವ್ (ಒರಟು ಕರೆಂಟ್ ಕೊಡೋದು) ಇತ್ತಂದ್ರ ಅದರ ಹಿಂದ ಯುಪಿಎಸ್ ಹಾಕಬ್ಯಾಡ್ರಿ. ಭಾಳಷ್ಟು ಯುಪಿಎಸ್ ಆ ಲೈನ್ ಒಪ್ಪಂಗಿಲ್ಲ. ಇನ್ವರ್ಟರ್ ಓಡೂತನ ಟಕ್ ಟಕ್ ಅಂತ ತನ್ನ ಬ್ಯಾಟರಿಗೇ ಹಾರ್ತಿರ್ತದ, ವರ್ಷದೊಳಗ ಬ್ಯಾಟರಿ ಊದಿಕೊಂತದ. ಆ ₹950 ಹೋಗಿದ್ದು ಹಿಂಗ.

ಕುಂದಾ_ಕ್ರೀಪರ್ (ಬೆಳಗಾವಿ):
ಪಿಕ್ಸೆಲ್ ಅಣ್ಣಾ, ಸರ್ವರ್ ಇಡೋ ಮಾತಿಗೆ ಯುಪಿಎಸ್ ಪುರಾಣ ಅರ್ಧ ಊರು ಓದೋವಷ್ಟು ಬರದೀಯಲ್ಲ, ಇದ ಸಾಕ್ಷಿ ಮನ್ಯಾಗ ಯಾಕ ಇಡಬಾರದು ಅನ್ನೂದಕ್ಕ. ಕರೆಂಟ್ ಉಳಿದ್ರೂ ಫೈಬರ್ ಡಬ್ಬಿ? ಅದು ಬಂದ್ ಆದ್ರ ಯುಪಿಎಸ್ ಹಾಡ್ಕೋತ ಕುಂತಿರ್ತದ, ಆಡಾವ್ರು ಹೊರಗ.

ವಿಪಿಎಸ್ ಲೆಕ್ಕ: ಮುಂಬೈಯಾಗ 2 ವಿಸಿಪಿಯು (ಬಾಡಿಗಿ ಕೋರ್), 4 ಜಿಬಿ ರಾಮ್ ತಿಂಗಳಿಗೆ 24 ಡಾಲರ್ ಸುತ್ತ. ಅದರ ಮ್ಯಾಲ ಜಿಎಸ್‌ಟಿ ಶೇ 18, ಕಾರ್ಡಿನಾವ್ರ ವಿದೇಶಿ ಶುಲ್ಕ ಶೇ 3.5. ಡಾಲರ್‌ಗೆ ₹88 ಹಿಡಿದ್ರ ₹2,580. ಹೌದು, ನಿಮ್ಮ ₹1,200ಕ್ಕ ಹತ್ತಂಗಿಲ್ಲ, ಗೊತ್ತೈತಿ, ಓದ್ರಿ ಮುಂದ. ನೀವು ಆಡೋದು ದಿನಕ್ಕ 4 ತಾಸು. ಬಿಲ್ ಬರೋದು ತಾಸಿನ ಲೆಕ್ಕದಾಗ. ತಿಂಗಳಿಗೆ 120 ತಾಸು ಅಂದ್ರ 4.3 ಡಾಲರ್. ಆದ್ರ ಬಂದ್ ಮಾಡಿ ಇಟ್ರ ಉಳೀತದ ಅನ್ಕೋಬ್ಯಾಡ್ರಿ, ಇದು ಎಲ್ಲಾರೂ ಬೀಳೋ ಹಳ್ಳ. ಬಂದ್ ಆದ ಮಶೀನಿಗೂ ಮೀಟರ್ ಓಡ್ತದ, ಜಾಗಾ ನಿಮ್ಮ ಹೆಸರಿಗೇ ಇರ್ತದಲ್ಲ. ಸ್ನ್ಯಾಪ್‌ಶಾಟ್ (ಇಡೀ ಮಶೀನಿನ ನಕಲು) ತಗೊಂಡು ಮಶೀನ್ ಅಳಿಸಬೇಕು, ಮರುದಿನ ಸಂಜಿಗೆ ಅದರಿಂದ ಹೊಸಾದು ಎಬ್ಬಿಸಬೇಕು. 25 ಜಿಬಿ ಸ್ನ್ಯಾಪ್‌ಶಾಟ್‌ಗೆ ಒಂದೂವರೆ ಡಾಲರ್. ಒಂದ ಸ್ನ್ಯಾಪ್‌ಶಾಟ್ ಹಿಡಿದ್ರ ಎಲ್ಲಾ ಕೂಡಿ ₹620-650ರೊಳಗ ಮುಗೀತದ.

ಇದರಾಗೂ ಮೂರು ಕಡೆ ಕಾಲು ಸಿಗ್ತಾವ. ಐಪಿ (ಮಶೀನಿನ ವಿಳಾಸ) ದಿನಾ ಬದಲಾಗ್ತದ, ಹಂಗಾಗಿ ಒಂದು ಡೊಮೇನ್ (ಬದಲಾಗದ ಹೆಸರು) ಬೇಕು, ಡಿಎನ್‌ಎಸ್ ಟಿಟಿಎಲ್ (ಹಳೇ ವಿಳಾಸ ನೆನಪಿಡೋ ಹೊತ್ತು) 60 ಸೆಕೆಂಡ್ ಇಡಬೇಕು. ಎಬ್ಬಿಸಾಕ ಹತ್ತು-ಹದಿನೈದು ನಿಮಿಷ ಹೋಗ್ತದ, ಏಳೂ ಮುಕ್ಕಾಲಿಗೇ ಸ್ಕ್ರಿಪ್ಟ್ ಸುರು ಆಗಬೇಕು. ಸ್ನ್ಯಾಪ್‌ಶಾಟ್ ಪೂರಾ ಆತು ಅನ್ನೂದು ನೋಡಲಾರದ ಅಳಿಸಿದ್ರ ಆ ದಿನದ ಕೆಲಸ ಹೋತು. ಸ್ಕ್ರಿಪ್ಟ್‌ನಾಗ ಅದಕ್ಕ ಕಾಯೋ ಸಾಲು ಹಾಕ್ರಿ, ಹಿಂದಿನ ಎರಡು ಸ್ನ್ಯಾಪ್‌ಶಾಟ್ ಉಳಸ್ರಿ, ಅದರ ರೊಕ್ಕ ಬ್ಯಾರೆ.

ಇಳಕಲ್_ಪಿಕ್ಸೆಲ್ (ಬಾಗಲಕೋಟೆ):
ದಿನಾ ಸಂಜಿಕ ಸರ್ವರ್ ಹುಟ್ಟಿಸಿ ರಾತ್ರಿ ಮಣ್ಣು ಮಾಡೋದು. ಇದಕ್ಕ ಸಂಸಾರ ಅಂತಾರೇನು? ವಿಸಿಪಿಯು ಅಂದ್ರ ಪಾಲಿನ ಕೋರ್ ಅನ್ನೂದು ಯಾಕ ಮುಚ್ಚಿಟ್ಟಿ ಕ್ರೀಪರ್? 'ಟಾಪ್' ಕಮಾಂಡ್ ತಗದು ಸಿಪಿಯು ಸಾಲಿನ ಕೊನೀಗಿರೋ 'ಎಸ್‌ಟಿ' ನೋಡು. ರಾತ್ರಿ 9ಕ್ಕ ಅದು 5ರ ಮ್ಯಾಲ ನಿಂತಿತ್ತಂದ್ರ ಬಾಜೂದಾವ್ರು ನಿನ್ನ ಕೋರ್ ತಿನ್ನಾಕತ್ತಾರ ಅಂತ ಅರ್ಥ. ನೀ ಎಷ್ಟರ ಟ್ಯೂನ್ ಮಾಡು, ಆಟ ಜಗ್ಗೋದ.

ಜಮಖಂಡಿ_ಜಾವಾ (ಬಾಗಲಕೋಟೆ ಜಿಲ್ಲಾ):
ಇಬ್ರೂ ಕೂಡಿ ಕೇಳಿದಾವ್ರ ಪಿಸಿ ಮರತ್ರಿ. ಮೈನ್‌ಕ್ರಾಫ್ಟ್‌ನ ಮುಖ್ಯ ಕೆಲಸ ಎಲ್ಲಾ ಒಂದ ಥ್ರೆಡ್ ಮ್ಯಾಲ, ಅಂದ್ರ ಒಮ್ಮೆಗೆ ಒಂದ ಕೋರ್ ಮ್ಯಾಲ. ಸೆಕೆಂಡಿಗೆ 20 ಟಿಕ್ (ಆಟದ ಹೆಜ್ಜಿ), ಒಂದು ಟಿಕ್‌ಗೆ 50 ಮಿಲಿಸೆಕೆಂಡ್. ಅದನ್ನ ದಾಟಿತಂದ್ರ ಎತ್ತು ಕುಂತಂಗ. ಪಿಕ್ಸೆಲ್ ಅವರ 6500ಟಿ 3.1 ಗಿಗಾಹರ್ಟ್ಸ್ ಮ್ಯಾಲ ಏರಂಗಿಲ್ಲ. ಈ ತಮ್ಮನ 4570 ಎರಡು ತಲಿ ಹಳೇದಾದ್ರೂ 3.6 ತನ ಏರ್ತದ. ಒಂದು ಥ್ರೆಡ್ಡಿಗೆ ಇದ ವಾಸಿ. ಕರೆಂಟ್ ಜಾಸ್ತಿ ತಿಂತದ, ಒಪ್ತೀನಿ. ಆದ್ರ ಪಿಕ್ಸೆಲ್ ಅವರು ₹9,500 ಕೊಟ್ಟು ತಗೊಂಡಿದ್ದಕ್ಕ ಅದ ಚಲೋ ಅನ್ನೂದು ತಪ್ಪು.

8 ಜಿಬಿಯಾಗ ಜಾವಾಕ್ಕ 5 ಜಿಬಿ ಕೊಡ್ರಿ, ಕನಿಷ್ಠ ಗರಿಷ್ಠ ಎರಡೂ ಅಷ್ಟ ಇಡ್ರಿ. ಏಳು ಕೊಟ್ರ ಉಳಿದ ಸಿಸ್ಟಮ್ಮಿಗೆ ಉಸಿರು ಕಟ್ತದ, ಸ್ವಾಪ್‌ಗೆ (ರಾಮ್ ಬದಲಿ ನಿಧಾನದ ಡಿಸ್ಕಿಗೆ) ಹೋಗ್ತದ, ಆಮ್ಯಾಲ ಎಲ್ಲಾರೂ ರಬ್ಬರ್ ಎಳದಂಗ ಹಿಂದಕ ಮುಂದಕ ಜಗ್ಗತಾರ. ಪೇಪರ್ ಅನ್ನೋ ವೇಗದ ಸರ್ವರ್ ಸಾಫ್ಟ್‌ವೇರ್ ಹಾಕ್ರಿ, ಮೂಲದ ವ್ಯಾನಿಲಾ ಬ್ಯಾಡ. ವ್ಯೂ ಡಿಸ್ಟನ್ಸ್ (ಎಷ್ಟು ದೂರ ಕಾಣ್ತದ) 10 ಇರೋದು 7ಕ್ಕ, ಸಿಮ್ಯುಲೇಶನ್ ಡಿಸ್ಟನ್ಸ್ (ಎಷ್ಟು ದೂರದ ತನ ಆಟ ನಡೀತದ) 10 ಇರೋದು 5ಕ್ಕ ಇಳಸ್ರಿ. ದೊಡ್ಡ ಕಟ್ಟಡ ದೂರದಿಂದ ಕಾಣಂಗಿಲ್ಲ ಅಂತ ಮಂದಿ ಬೈತಾರ, ಬೈಲಿ.

ಖರೇ ಜಗ್ಗೋದು ಹೊಸ ನೆಲ ಹುಟ್ಟೂವಾಗ. ಒಬ್ಬಾವ ಎಲೈಟ್ರಾ ರೆಕ್ಕಿ ಹಾಕ್ಕೊಂಡು ಹಾರಿದ್ರ ಉಳಿದ ಹನ್ನೊಂದು ಮಂದಿ ನಿಂತಬಿಡ್ತಾರ. ಮೊದಲ ವರ್ಲ್ಡ್ ಬಾರ್ಡರ್ (ಜಗತ್ತಿನ ಗಡಿ) 6000 ಬ್ಲಾಕ್ ಅಗಲ ಹಾಕ್ರಿ, ಚಂಕಿ ಪ್ಲಗಿನ್‌ನಿಂದ (ಸರ್ವರ್‌ಗೆ ಹಚ್ಚೋ ಜೋಡಣಿ) ತ್ರಿಜ್ಯ 3000 ಕೊಟ್ಟು ಎಲ್ಲಾ ಮುಂಚೇನ ಹುಟ್ಟಸ್ರಿ. 1,40,000 ಚಂಕ್ (ನೆಲದ ತುಂಡು) ಆಗ್ತಾವ, ಸೆಕೆಂಡಿಗೆ 20 ಸಿಕ್ರ ಎರಡು ತಾಸು. ಮಂದಿ ಆಡೂವಾಗ ಇದನ್ನ ಓಡಿಸಬ್ಯಾಡ್ರಿ. ಟವರ್ ಬಾಗಲಾ ತಗದು ಎರಿ ಮಣ್ಣಿನ ಧೂಳು ಊದ್ರಿ, ಸಿಪಿಯು ಮ್ಯಾಲ ಹೊಸ ಪೇಸ್ಟ್ ಹಚ್ರಿ. ಮೇ ತಿಂಗಳಾಗ ವಿಜಯಪುರದಾಗ ಹೊರಗ 40 ದಾಟಿದಾಗ ಸಿಪಿಯು ಭಾಳ ಕಾದು ತಾನ ವೇಗ ಇಳಸ್ಕೋತದ. ಮಂದಿ ಅದನ್ನ ನೆಟ್ ದೋಷ ಅಂತ ತಿಳ್ಕೋತಾರ.

ಬಾದಾಮಿ_ಬೆಡ್‌ರಾಕ್:
ಏಳು ಮಂದಿ ಮೊಬೈಲ್ ಅಂತ ಅವರು ಮೊದಲ ಹೇಳ್ಯಾರ, ಒಬ್ರಾದ್ರೂ ಆ ಸುದ್ದಿ ಎತ್ತೀರೇನು? ಜಾವಾ ಆಡಾವ್ರಿಗೆ ಮೊಬೈಲ್‌ನಾವ್ರು ಯಾವಾಗ್ಲೂ ಹೊರಗಿನವ್ರ. ಬೆಡ್‌ರಾಕ್‌ನಾವ್ರನ್ನ ಜಾವಾ ಸರ್ವರ್‌ಗೆ ಕೂಡಿಸೋ ಗೀಸರ್ ಮತ್ತ ಫ್ಲಡ್‌ಗೇಟ್ ಪ್ಲಗಿನ್ ಹಾಕ್ರಿ. ಜಾವಾ ಪೋರ್ಟ್ (ನೆಟ್‌ನಿಂದ ಒಳಗ ಬರೋ ಬಾಗಲಾ) 25565, ಅದು ಟಿಸಿಪಿ. ಮೊಬೈಲ್‌ನಾವ್ರದು 19132, ಅದು ಯುಡಿಪಿ, ಬ್ಯಾರೆ ನಮೂನಿ ಸಂಪರ್ಕ. ಹತ್ತರಾಗ ಎಂಟು ಮಂದಿ ಎರಡನ್ನೂ ಟಿಸಿಪಿ ಅಂತ ತಗದು, "ಮೊಬೈಲ್ ಕೂಡಂಗಿಲ್ಲ" ಅಂತ ಅಳ್ತಾರ. ವಿಪಿಎಸ್‌ನಾಗ ಕಂಪನಿಯ ಫೈರ್‌ವಾಲ್ ಒಂದು, ಮಶೀನಿನ ಒಳಗಿನ ಫೈರ್‌ವಾಲ್ ಒಂದು. ಎರಡೂ ಕಡೆ ತಗೀಬೇಕು. ಮತ್ತ ಏಳೂ ಮಂದಿಗೆ ಆಟದ ಆಟೋ ಅಪ್‌ಡೇಟ್ ಬಂದ್ ಮಾಡ್ಲಾಕ ಹೇಳ್ರಿ. ಫೋನ್ ರಾತ್ರೋರಾತ್ರಿ ಹೊಸ ಆವೃತ್ತಿಗೆ ಹೋತಂದ್ರ, ಗೀಸರ್ ಹೊಸಾದು ಹಾಕೋತನ ಒಬ್ರೂ ಒಳಗ ಬರಂಗಿಲ್ಲ.

ಬಾಡಿಗಿ ಚಿಂತಿ ಇದ್ರ ತಿಂಗಳಿಗೊಂದು ಪಿವಿಪಿ (ಆಟಗಾರರು ಒಬ್ರಿಗೊಬ್ರು ಕಾದಾಡೋ) ಪಂದ್ಯ ಇಡ್ರಿ. ತಲಾ ₹50 ಎಂಟ್ರಿ, ಗೆದ್ದಾವ್ಗ ₹300, ಉಳಿದದ್ದು ಸರ್ವರ್‌ಗೆ.

ಕುಂದಾ_ಕ್ರೀಪರ್ (ಬೆಳಗಾವಿ):
ಬಾದಾಮಿ, ಆ ಹುಡುಗಗ ಜೈಲಿನ ದಾರಿ ತೋರಸ್ಬ್ಯಾಡ. 2025ರ ಆಗಸ್ಟ್‌ನಾಗ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ನೆನಪೈತಿಲ್ಲ? ರೊಕ್ಕ ಕಟ್ಟಿ ರೊಕ್ಕ ಗೆಲ್ಲೋ ಆಟಕ್ಕ ನಿಷೇಧ ಐತಿ. ಕೌಶಲ್ಯದ ಆಟ ಅಂದ್ರೂ ಬಿಡಂಗಿಲ್ಲ. ಸುಮ್ಮನ ವಂತಿಗಿ ಹಾಕ್ಕೋರಿ.

ಬಾದಾಮಿ_ಬೆಡ್‌ರಾಕ್:
₹50ಕ್ಕ ಜೈಲಂತ. ಬೆಳಗಾವಿಯಾವ್ರಿಗೆ ಎಲ್ಲಾದಕ್ಕೂ ಕೋರ್ಟ್ ಬೇಕು. ಮೊದಲ ಹೇಳು, ನಿನ್ನ ಸರ್ವರ್‌ನಾಗ 'ಆನ್‌ಲೈನ್ ಮೋಡ್' (ಖರೇ ಖಾತೆ ಹೌದಿಲ್ಲ ನೋಡೋದು) ಫಾಲ್ಸ್ ಯಾಕ ಐತಿ? ಕ್ರ್ಯಾಕ್ ಲಾಂಚರ್‌ನಾವ್ರನ್ನ ಒಳಗ ಬಿಡೂವಾಗ ಕಾಯ್ದೆ ನೆನಪ ಆಗಲಿಲ್ಲ?

ಜಮಖಂಡಿ_ಜಾವಾ:
ಅದು ಫಾಲ್ಸ್ ಇತ್ತಂದ್ರ ಕಾಯ್ದೆಕ್ಕಿಂತ ಮೊದಲ ಅಡ್ಮಿನ್ ಹೋಗ್ತಾನ. ಯಾರರ ಆಪ್‌ನ (ಸರ್ವರ್‌ನಾಗ ಅಧಿಕಾರ ಇದ್ದಾವನ) ಹೆಸರು ಟೈಪ್ ಮಾಡಿ ಒಳಗ ಬಂದ್ರ ಅವರ ಆಪ್. ಲಾಗಿನ್ ಪ್ಲಗಿನ್ ಇಲ್ಲದ ಫಾಲ್ಸ್ ಇಡೋದು ಬಾಗಲಕ್ಕ ಕೀಲಿ ಹಾಕಿ ಕೀಲಿಕೈ ಅಲ್ಲೇ ತೂಗಬಿಟ್ಟಂಗ. ಆಮ್ಯಾಲ ಬುದ್ಧಿ ಬಂದು ಟ್ರೂ ಮಾಡಿದ್ರೂ ಯುಯುಐಡಿ (ಆಟಗಾರನ ಗುರುತಿನ ಸಂಖ್ಯೆ) ಬದಲಾಗ್ತದ, ಎಲ್ಲಾರ ಸಾಮಾನು ಮಾಯ. ಮೊದಲ ದಿನಾನ ಟ್ರೂ ಇಟ್ಟು ವೈಟ್‌ಲಿಸ್ಟ್ (ಒಳಗ ಬಿಡಬೇಕಾದಾವ್ರ ಪಟ್ಟಿ) ಹಾಕ್ರಿ. ಯಾರು ಏನು ಕಟ್ಟಿದ್ರು, ಕೆಡವಿದ್ರು ಅಂತ ಬರದಿಡೋ ಕೋರ್‌ಪ್ರೊಟೆಕ್ಟ್ ಪ್ಲಗಿನ್ನೂ ಮೊದಲ ದಿನಾನ ಬೇಕು. ಕಟ್ಟಿದ್ದು ಕೆಡವಿದ ಮ್ಯಾಲ ಹಾಕಿದ್ರ ಅದರ ಹತ್ರ ದಾಖಲಿ ಇರಂಗಿಲ್ಲ, ವಾಪಸ್ ತರಾಕ ಬರಂಗಿಲ್ಲ.

ಕುಂದಾ_ಕ್ರೀಪರ್ (ಬೆಳಗಾವಿ):
ಲಾಗಿನ್ ಪ್ಲಗಿನ್ ಐತಿ ನನ್ನ ಕಡೆ. ನೋಡಲಾರದ ಮಾತಾಡಬ್ಯಾಡ್ರಿ.

ಕೋಟಿ_ಗ್ವಾಡಿ (ವಿಜಯಪುರ):
ಸರ್ವರ್ ಸುದ್ದಿ ಅತ್ತಾಗ ಇರ್ಲಿ. ಗುಮ್ಮಟಕ್ಕ ಅಗಲ ಎಷ್ಟು ಬ್ಲಾಕ್ ಹಿಡದೀರಿ? 38 ಇರಬೇಕು.

ಇಳಕಲ್_ಪಿಕ್ಸೆಲ್ (ಬಾಗಲಕೋಟೆ):
38 ಅಲ್ಲ, 44.

ಕೋಟಿ_ಗ್ವಾಡಿ (ವಿಜಯಪುರ):
ಬಾಗಲಕೋಟೆಯಾವ್ರು ನಮ್ಮ ಗುಮ್ಮಟದ ಅಳತಿ ನಮಗ ಹೇಳ್ತಾರ. ಆಗ್ಲಿ.

ಗುಮ್ಮಟ_ಕಟ್ಟಾವ (ವಿಜಯಪುರ):
ಅಣ್ಣಾರ, ರೌಟರ್ ನೋಡಿದೆ. ವ್ಯಾನ್ ಐಪಿ (ಹೊರಗಿನ ಕಡೆ ವಿಳಾಸ) 100.92 ಅಂತ ಸುರು ಆಗ್ತದ. ಪೋರ್ಟ್ ಫಾರ್ವರ್ಡ್ ಮಾಡಿ ಸರ್ವರ್‌ಗೆ ದಾರಿ ತಗದ್ರೂ ಹೊರಗಿಂದ ಯಾರೂ ಬರವಲ್ರು. ಮತ್ತ ಬ್ಯಾಕಪ್ ಹೆಂಗ ತಗೀಬೇಕು, ಯಾರೂ ಹೇಳಲಿಲ್ಲ.

ಜಮಖಂಡಿ_ಜಾವಾ:
100.64ರಿಂದ 100.127ರ ತನಕ ಯಾವುದು ಕಂಡ್ರೂ ಅದು ಸಿಜಿನ್ಯಾಟ್ ತಮ್ಮಾ. ಒಂದು ಐಪಿ ಹಿಂದ ನೂರಾರು ಮನಿ ಕುಂತಿರ್ತಾವ, ನಿನ್ನ ರೌಟರ್‌ನಾಗ ಎಷ್ಟು ಪೋರ್ಟ್ ತಗದ್ರೂ ಗ್ವಾಡಿಗೆ ಬಾಗಲಾ ಬರದಂಗ. ಸ್ಟ್ಯಾಟಿಕ್ ಐಪಿ (ನಿನ್ನದ ಆದ, ಬದಲಾಗದ ವಿಳಾಸ) ತಿಂಗಳಿಗೆ ಎಷ್ಟು ಅಂತ ಫೈಬರ್‌ನಾವ್ರನ್ನ ಕೇಳು. ಇಲ್ಲಾ ಪ್ಲೇಇಟ್‌ನಂಥ ಟನಲ್ (ಬ್ಯಾರೆಯವ್ರ ಮಶೀನ್ ಮೂಲಕ ದಾರಿ) ಹಾಕು, ಅದು ಟಿಸಿಪಿ ಯುಡಿಪಿ ಎರಡೂ ಒಯ್ತದ. ಟನಲ್‌ನ ಮಶೀನ್ ಯಾವ ದೇಶದಾಗ ಐತಿ ಅನ್ನೂದರ ಮ್ಯಾಲ ಪಿಂಗ್ ನಿಂತಿರ್ತದ. ಭಾರತ ಬಿಟ್ಟು ಹೋತಂದ್ರ ನೀ ಬಿಟ್ಟು ಬಂದ 170ಕ್ಕ ವಾಪಸ್ ಹೋದಂಗ. ಹಚ್ಚೂಕಿಂತ ಮೊದಲ ನೋಡ್ಕೋ.

ಬ್ಯಾಕಪ್: ಕನ್ಸೋಲ್‌ನಾಗ 'ಸೇವ್-ಆಫ್', ಆಮ್ಯಾಲ 'ಸೇವ್-ಆಲ್ ಫ್ಲಶ್', ಅದು ಉಳೀತು ಅಂತ ಹೇಳಿದ ಮ್ಯಾಲ ಫೋಲ್ಡರ್ ಟಾರ್ ಮಾಡು (ಒಂದ ಫೈಲಾಗಿ ಕಟ್ಟು), ಕೊನೀಗೆ 'ಸೇವ್-ಆನ್'. ಸೇವ್-ಆನ್ ಮರತ್ರ ಮುಗೀತು. ಆಟ ನಡೀತಿರ್ತದ, ಡಿಸ್ಕಿಗೆ ತಾನಾಗಿ ಏನೂ ಹೋಗಂಗಿಲ್ಲ, ಕರೆಂಟ್ ಹೋದ ಕೂಡ್ಲೆ ಮೂರು ದಿನದ ಗ್ವಾಡಿ ಮಂಗಮಾಯ. ಟಾರ್ ನಡಬರಕ ಫೇಲಾದ್ರೂ ಸೇವ್-ಆನ್ ಓಡೂವಂಗ ಸ್ಕ್ರಿಪ್ಟ್ ಬರಿ. ಏಳು ದಿನದ್ದು ಉಳಸು, ಒಂದು ಪ್ರತಿ ಮನಿ ಹೊರಗ ಇರ್ಲಿ. ವಾರಕ್ಕೊಮ್ಮೆ ಒಂದನ್ನ ಬಿಚ್ಚಿ ಲ್ಯಾಪ್‌ಟಾಪ್‌ನಾಗ ತಗದು ನೋಡು. ಬಿಚ್ಚಲಾರದ ಇಟ್ಟ ಟಾರ್ ಬ್ಯಾಕಪ್ ಅಲ್ಲ.

ಕುಂದಾ_ಕ್ರೀಪರ್ (ಬೆಳಗಾವಿ):
ಸಿಜಿನ್ಯಾಟ್ ಅಂದ ಮ್ಯಾಲ ಮನಿ ಸರ್ವರ್ ವಾದ ಮುಗೀತಲ್ಲ. ಪಿಕ್ಸೆಲ್ ಅಣ್ಣಾ, ಸ್ಟ್ಯಾಟಿಕ್ ಐಪಿಗೆ ಎಷ್ಟು ಕೊಡ್ತಿ ಅನ್ನೂದು ಆ ₹740ರಾಗ ಕಾಣವಲ್ದು.

ಇಳಕಲ್_ಪಿಕ್ಸೆಲ್ (ಬಾಗಲಕೋಟೆ):
ತಿಂಗಳಿಗೆ ₹200. ಅದು ನೆಟ್ ಖರ್ಚು, ಸರ್ವರ್ ಖರ್ಚಲ್ಲ. ಮತ್ತ ಕೋಟಿ_ಗ್ವಾಡಿ ಸಾಹೇಬ್ರ, ಒಳಗಿನ ಅಗಲ 124 ಅಡಿ, ಅದು 38 ಬ್ಲಾಕ್. ಹೊರಗಿಂದು 144 ಅಡಿ, ಅದು 44. ನಡು 10 ಅಡಿ ಗ್ವಾಡಿ, ಅದಕ್ಕ ಸುತ್ತ 3 ಬ್ಲಾಕ್ ದಪ್ಪ. ಎರಡೂ ಸಮ ಸಂಖ್ಯೆ, ಹಂಗಾಗಿ ನಡಬರಕ ಒಂದು ಬ್ಲಾಕ್ ಅಲ್ಲ, ಎರಡಕ್ಕ ಎರಡು ಬರಬೇಕು.

ಕೋಟಿ_ಗ್ವಾಡಿ (ವಿಜಯಪುರ):
ನಾ ಒಳಗಿಂದು ಹೇಳಿದ್ದೆ.

ಗುಮ್ಮಟ_ಕಟ್ಟಾವ (ವಿಜಯಪುರ):
ನಾವು 43 ಹಿಡದೀವ್ರಿ. ಏಳು ಸಾಲು ಏರಿಸಿ ಆಗೇದ.