ದಕ್ಷಿಣಚಿತ್ರಕ್ಕೆ ಎಂಬತ್ತು ಮಕ್ಕಳು

ಪುಟ್ಟಿ, ನೀನು ಗುಂಪಿನಲ್ಲಿ ಹಾಕಿದ ಶಾಲಾ ಪ್ರವಾಸದ ಪಟ್ಟಿ ನೋಡಿದೆ. ಏಳನೆಯ ತರಗತಿಯ ಎಂಬತ್ತು ಮಕ್ಕಳು, ಮಂಗಳವಾರ ಬೆಳಿಗ್ಗೆ ಹಳೆಯ ಮನೆಗಳನ್ನು ತಂದು ನಿಲ್ಲಿಸಿರುವ ದಕ್ಷಿಣಚಿತ್ರದಲ್ಲಿ ಒಂದೂವರೆ ಗಂಟೆ, ಊಟ, ಮಧ್ಯಾಹ್ನ ಮಹಾಬಲಿಪುರ, ಸಂಜೆ ನೀರಾಟದ ಪಾರ್ಕು. ಚೆನ್ನೈಯಲ್ಲೇ ಇರುವ ಚಿಕ್ಕಪ್ಪ ಸ್ವಲ್ಪ ನೋಡಿ ಹೇಳಲಿ ಎಂದು ಬರೆದಿದ್ದೀಯ. ಹೇಳುತ್ತೇನೆ, ಉದ್ದವಾದರೆ ಅಡುಗೆ ಮಾಡುತ್ತಾ ಕೇಳಿಸಿಕೋ.

ಮೊದಲು ದಿನ ಬದಲಿಸು. ಮಂಗಳವಾರ ದಕ್ಷಿಣಚಿತ್ರಕ್ಕೆ ವಾರದ ರಜೆ. ಬೀಗ ಹಾಕಿದ ಗೇಟಿನ ಮುಂದೆ ಎಂಬತ್ತು ಮಕ್ಕಳನ್ನು ನಿಲ್ಲಿಸಿಕೊಂಡು ನೀನೇನು ಪಾಠ ಮಾಡುತ್ತೀಯ? ಅಕ್ಟೋಬರ್, ನವೆಂಬರ್ ಕೂಡ ಬೇಡ. ಬೆಂಗಳೂರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿ ಹಿಂಗಾರು ಸುರಿಯಲು ಶುರುವಾಗಿರುತ್ತದೆ. ಜನವರಿ ಒಳ್ಳೆಯದು, ಬಿಸಿಲೂ ಹದವಾಗಿರುತ್ತದೆ.

ಎರಡನೆಯದು, ಆ ಒಂದೂವರೆ ಗಂಟೆ. ಅದು ಶೌಚಾಲಯದ ಸಾಲಿಗೆ ಮತ್ತು ಗುಂಪು ಫೋಟೋಗೆ ಸರಿಹೋಗುತ್ತದೆ. ಮುಟ್ಟುಕಾಡಿನಲ್ಲಿರುವ ಈ ದಕ್ಷಿಣಚಿತ್ರ ಗಾಜಿನ ಪೆಟ್ಟಿಗೆಗಳ ವಸ್ತುಸಂಗ್ರಹಾಲಯವೇ ಅಲ್ಲ. ಹತ್ತು ಎಕರೆ ಜಾಗದಲ್ಲಿ ತಮಿಳುನಾಡು, ಕೇರಳ, ಕರ್ನಾಟಕ, ಆಂಧ್ರದ ಹದಿನೆಂಟು ಮನೆಗಳಿವೆ. ಬಹಳಷ್ಟು ಮನೆಗಳು ಮೂಲ ಊರಿನಲ್ಲಿ ಕೆಡವುವ ಹಂತಕ್ಕೆ ಬಂದಿದ್ದವು. ಅವನ್ನು ಕೊಂಡು, ತೊಲೆ ಕಂಬಗಳನ್ನು ಬಿಚ್ಚಿ ತಂದು, ಕುಶಲಕರ್ಮಿಗಳನ್ನು ಕರೆಸಿ ಮತ್ತೆ ನಿಲ್ಲಿಸಿದ್ದಾರೆ. ಡೆಬೋರಾ ತ್ಯಾಗರಾಜನ್ ಅವರ ಮದ್ರಾಸ್ ಕ್ರಾಫ್ಟ್ ಫೌಂಡೇಶನ್ ಇದನ್ನು ಕಟ್ಟಿ 1996ರ ಡಿಸೆಂಬರಿನಲ್ಲಿ ತೆರೆಯಿತು. ಆರಂಭದ ವಿನ್ಯಾಸ ಲಾರಿ ಬೇಕರ್ ಅವರದು, ಮುಂದೆ ವಾಸ್ತುಶಿಲ್ಪಿ ಬೆನ್ನಿ ಕುರಿಯಾಕೋಸ್ ಕೆಲಸ ಮುಂದುವರಿಸಿದರು. ಅಲ್ಲಿಗೆ ಕನಿಷ್ಠ ನಾಲ್ಕು ಗಂಟೆ ಇಡು. ನೀರಾಟದ ಪಾರ್ಕನ್ನು ಪಟ್ಟಿಯಿಂದ ಹೊಡೆದುಹಾಕು. ಮಕ್ಕಳು ಮುನಿಸಿಕೊಂಡರೆ ಚಿಕ್ಕತಾತ ಬೇಡವೆಂದರು ಎಂದು ಹೇಳಿಬಿಡು, ನನಗೇನೂ ಬೇಸರವಿಲ್ಲ.

ಆದರೆ ಹದಿನೆಂಟು ಮನೆಗಳನ್ನೂ ತೋರಿಸಲು ಹೋಗಬೇಡ. ಕಟ್ಟಡದ ಕೆಲಸದಲ್ಲೇ ತಲೆ ಹಣ್ಣಾದವನು ನಾನು, ನನಗೇ ಆರನೆಯ ಮನೆಯ ಹೊತ್ತಿಗೆ ಕಂಬಗಳೆಲ್ಲ ಒಂದೇ ತರಹ ಕಾಣತೊಡಗುತ್ತವೆ. ನಾಲ್ಕು ಮನೆ ಆರಿಸಿಕೋ, ರಾಜ್ಯಕ್ಕೊಂದು. ನಾಲ್ಕರಲ್ಲೂ ಮಕ್ಕಳಿಗೆ ಒಂದೇ ಪ್ರಶ್ನೆ ಕೊಡು: ಈ ಮನೆಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?

ಇಳಕಲ್ಲಿನ ನೇಕಾರರ ಮನೆಯಿಂದ ಶುರುಮಾಡಿದರೆ ಹೇಗಿರುತ್ತದೆ ನೋಡು. ಬಾಗಲಕೋಟೆ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನೀರನ್ನು ಓಡಿಸುವ ಅವಸರ ಅಲ್ಲಿಲ್ಲ, ಬಿಸಿಲನ್ನು ತಡೆಯುವುದೇ ದೊಡ್ಡ ಕೆಲಸ. ಅದಕ್ಕೇ ಆ ಕಡೆ ದಪ್ಪ ಕಲ್ಲಿನ ಗೋಡೆ, ಸಣ್ಣ ಕಿಟಕಿ, ಸಮತಟ್ಟಾದ ಮಣ್ಣಿನ ಮಾಳಿಗೆ, ಮೇಲೆ ಬೆಳಕಿಂಡಿ. ಅಲ್ಲಿಂದ ಕೇರಳದ ಕಡೆ ಹೋಗಿ ಪುದುಪ್ಪಳ್ಳಿಯ ಸಿರಿಯನ್ ಕ್ರೈಸ್ತರ ಮನೆಯ ಮುಂದೆ ನಿಲ್ಲಿಸು. 1850ರ ಮನೆ. ಕೇರಳದ ಮಳೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್, ಬಾಗಲಕೋಟೆಯ ಐದು ಪಟ್ಟು. ಮಾಡು ಕಡಿದಾಗಿ ಇಳಿದು ಗೋಡೆಯಿಂದಾಚೆಗೆ ಚಾಚಿಕೊಂಡಿರುತ್ತದೆ, ಗೋಡೆಗೆ ಹನಿ ತಾಗಬಾರದಲ್ಲ. ಮರಕ್ಕೆ ಮರ ಕೀಲಿಸಿ ಕೂಡಿಸಿದ ಮನೆಗಳಾದ್ದರಿಂದಲೇ ಅವನ್ನು ಬಿಚ್ಚಿ ಇಷ್ಟು ದೂರ ತರಲು ಸಾಧ್ಯವಾಯಿತು. ಭತ್ತದ ಕಣಜ ಮನೆಯ ಒಳಗೇ ಇರುವುದನ್ನೂ ತೋರಿಸು. ವರ್ಷದ ಅನ್ನ ನೆನೆಯಬಾರದು ಎಂಬ ಚಿಂತೆ ಇಡೀ ಮನೆಯ ನಕ್ಷೆಯನ್ನೇ ಹೇಗೆ ಬರೆಯಿತು ಎಂದು ಅವರೇ ಹೇಳಲಿ.

ತಮಿಳುನಾಡಿನ ಭಾಗದಲ್ಲಿ ಚೆಟ್ಟಿನಾಡಿನ ವರ್ತಕರ ಮನೆ. ಅಲ್ಲಿ ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿದು ನೀರು ನಡುವಿನ ಅಂಗಳಕ್ಕೇ ಬೀಳುತ್ತದೆ. ನಮ್ಮ ಅಜ್ಜಿಯ ತೊಟ್ಟಿ ಮನೆಯ ಫೋಟೋ ನಿನ್ನ ಹತ್ತಿರ ಇದೆಯಲ್ಲ, ಅದನ್ನು ಅಲ್ಲೇ ತೆಗೆದು ತೋರಿಸು, ಬೇರೆ ವಿವರಣೆ ಬೇಡ. ಕೊನೆಗೆ ಕರಾವಳಿ ಆಂಧ್ರದ ದುಂಡು ಮನೆ. ಮಣ್ಣಿನ ಗೋಡೆ, ಗರಿಯ ಸೂರು, ಆ ಸೂರೋ ಬಗ್ಗಿ ಒಳಗೆ ಹೋಗಬೇಕಾದಷ್ಟು ತಗ್ಗು. ಅಲ್ಲಿ ನಿನ್ನ ಮಳೆಯ ಪ್ರಶ್ನೆ ಅರ್ಧಕ್ಕೆ ನಿಲ್ಲುತ್ತದೆ, ಏಕೆಂದರೆ ಆ ತೀರಕ್ಕೆ ಮಳೆಯ ಜೊತೆ ಚಂಡಮಾರುತವೂ ಬರುತ್ತದೆ. ದುಂಡಗಿನ ಗೋಡೆಯಲ್ಲಿ ಗಾಳಿ ಗುದ್ದಲು ಮೂಲೆಯೇ ಇಲ್ಲ. ಇದನ್ನು ನೀನು ಹೇಳಬೇಡ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹಿಂದಿನ ಬೆಂಚಿನ ಯಾವನಾದರೂ ಹೇಳುತ್ತಾನೆ.

ಎಂಬತ್ತು ಜನ ಒಟ್ಟಿಗೆ ಒಂದು ಜಗಲಿ ಹತ್ತಿದರೆ ಯಾರಿಗೂ ಏನೂ ಕಾಣುವುದಿಲ್ಲ. ಇಪ್ಪತ್ತರಂತೆ ನಾಲ್ಕು ತಂಡ ಮಾಡು, ಒಂದೊಂದು ತಂಡ ಒಂದೊಂದು ರಾಜ್ಯದಿಂದ ಶುರುಮಾಡಿ ಸುತ್ತಿ ಬರಲಿ. ತಂಡಕ್ಕೊಬ್ಬರು ಶಿಕ್ಷಕರು. ದಯವಿಟ್ಟು ಆ ಭರ್ತಿ ಮಾಡುವ ಹಾಳೆಗಳನ್ನು ಹಂಚಬೇಡ. ಕೊಟ್ಟರೆ ಮಕ್ಕಳು ಮನೆಗೆ ಬೆನ್ನು ಹಾಕಿ ಫಲಕ ನೋಡಿ ನಕಲು ಮಾಡುತ್ತಾ ಕೂರುತ್ತಾರೆ, ನಾನು ಅಲ್ಲಿ ಕಂಡಿರುವ ಶಾಲಾ ಗುಂಪುಗಳೆಲ್ಲ ಹಾಗೆಯೇ. ಅದರ ಬದಲು ತಂಡಕ್ಕೊಂದು ಅಳತೆ ಟೇಪು, ಬರೆಯಲು ರಟ್ಟು, ಪೆನ್ಸಿಲು. ಹೊಸ್ತಿಲಿನ ಎತ್ತರ, ಬಾಗಿಲಿನ ಅಗಲ, ಗೋಡೆಯ ದಪ್ಪ, ಇಷ್ಟೇ ಅಳೆಯಲಿ. ಟೇಪು ಸಿಗದಿದ್ದರೆ ಗೇಣು, ಮೊಳ ಸಾಕು. ಬೆಂಗಳೂರಿಗೆ ಮರಳಿ ತಮ್ಮ ಮನೆಯ ಬಾಗಿಲನ್ನೂ ಅಳೆದು ಪಕ್ಕದಲ್ಲಿ ಬರೆಯಲಿ.

ಅಲ್ಲಿ ಮಕ್ಕಳಿಗೆ ಕುಂಬಾರಿಕೆಯಂಥ ಕರಕುಶಲ ಕೆಲಸ ಮಾಡಿಸುತ್ತಾರೆ. ಶಾಲೆಯ ಹೆಸರಿನಲ್ಲಿ ಮೊದಲೇ ಬರೆದು ಕೇಳು. ಒಂದು ಕೆಲಸ ಸಾಕು, ಅದೂ ಊಟದ ನಂತರ. ಮೊದಲೇ ಮಾಡಿಸಿದರೆ ಕೆಸರು ಕೈಗಳೆಲ್ಲ ಇಳಕಲ್ಲಿನ ಮನೆಯ ಕಂಬಕ್ಕೆ ಮೆತ್ತಿಕೊಳ್ಳುತ್ತವೆ.

ಮಹಾಬಲಿಪುರವನ್ನು ಮರುದಿನ ಬೆಳಿಗ್ಗೆಗೆ ಹಾಕು, ಈ ಕ್ರಮವನ್ನು ಮಾತ್ರ ತಲೆಕೆಳಗು ಮಾಡಬೇಡ. ಅಲ್ಲಿ ರಥಗಳೆಂದು ಕರೆಯುವ ಐದು ಕಲ್ಲಿನ ಗುಡಿಗಳನ್ನು ಏಳನೆಯ ಶತಮಾನದ ಪಲ್ಲವರು ಬಂಡೆ ಕಡೆದು ಮಾಡಿಸಿದರು. ಅದರಲ್ಲಿ ದ್ರೌಪದಿ ರಥದ ಮಾಡು ನೋಡು, ಹುಲ್ಲು ಹೊದಿಸಿದ ಗುಡಿಸಲಿನದೇ ಆಕಾರ. ಭೀಮ ರಥದ್ದು ಕಮಾನಿನಂತೆ ಬಾಗಿದ ಉದ್ದನೆಯ ಮಾಡು. ಮರ, ಹುಲ್ಲುಗಳ ಕೆಲಸವನ್ನು ಕಲ್ಲುಕುಟಿಗರು ಕಲ್ಲಿನಲ್ಲಿ ಮಾಡಿದ್ದಾರೆ. ಹಿಂದಿನ ದಿನ ನಿಜವಾದ ಗರಿಯ ಸೂರಿನ ಕೆಳಗೆ ತಲೆ ಬಗ್ಗಿಸಿ ಹೊಕ್ಕ ಮಕ್ಕಳಿಗೆ ಇದು ಥಟ್ಟನೆ ಹೊಳೆಯುತ್ತದೆ. ಮೊದಲೇ ರಥ ತೋರಿಸಿದರೆ ಹತ್ತರಲ್ಲಿ ಹನ್ನೊಂದನೆಯ ದೇವಸ್ಥಾನವಾಗಿಬಿಡುತ್ತದೆ.

ಅತ್ತಿಗೆ ಮಣಿಪಾಲದ ಹೆಸರು ಹೇಳಿದ್ದಾರೆ. ಸರಿಯಾದ ಮಾತೇ, ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ತಂದು ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮಕ್ಕೂ ಇದೇ ಬಗೆಯಲ್ಲಿ ಹೋಗಬಹುದು. ಆದರೆ ನಿಮ್ಮ ಮುಖ್ಯೋಪಾಧ್ಯಾಯರು ಚೆನ್ನೈಗೆ ಒಪ್ಪಿಯಾಗಿದೆ, ಈಗ ಮತ್ತೆ ಕಡತ ತಿರುಗಿಸಬೇಡ.

ರೈಲು ಇಳಿದ ದಿನವೇ ಮುಟ್ಟುಕಾಡಿಗೆ ಓಡಬೇಡ. ಅದು ಊರಿನ ದಕ್ಷಿಣಕ್ಕೆ ಇಪ್ಪತ್ತೈದು ಕಿಲೋಮೀಟರ್, ಸೆಂಟ್ರಲ್ ನಿಲ್ದಾಣದಿಂದ ಹೊರಟರೆ ದಟ್ಟಣೆಯಲ್ಲೇ ಮಧ್ಯಾಹ್ನವಾಗುತ್ತದೆ. ಆ ರಾತ್ರಿ ಉಳಿದು ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ. ಹೊಸ ದಿನಾಂಕ ಗೊತ್ತಾದ ಕೂಡಲೇ ನನಗೆ ತಿಳಿಸು, ಬಸ್ಸಿನವರ ಜೊತೆ ತಮಿಳಿನಲ್ಲಿ ಬಾಡಿಗೆ ಮಾತಾಡುವುದು ನನ್ನ ಪಾಲಿಗಿರಲಿ. ಇಪ್ಪತ್ತು ಮಕ್ಕಳ ಒಂದು ತಂಡವನ್ನೂ ನನಗೆ ಕೊಡು, ಇಳಕಲ್ಲಿನ ಮನೆಯಿಂದ ಶುರುಮಾಡುವ ತಂಡವನ್ನು.