ಸಹಾಯ ಬೇಕು: ಮನೆಯಲ್ಲಿ ಮಗುವಿನ ಕೊನೆಯ ದಿನಗಳ ಆರೈಕೆ

ನಮ್ಮ ತಂಡ ನೋಡಿಕೊಳ್ಳುತ್ತಿರುವ ಮಗುವಿಗೆ ನುಂಗುವುದು ಕಷ್ಟವಾಗುತ್ತಿದೆ. ನೋವಿಗೆ ಮಾರ್ಫಿನ್ ಸಿರಪ್ 4 ಗಂಟೆಗೊಮ್ಮೆ, ಜೊತೆಗೆ ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧಿ ನಡೆಯುತ್ತಿದೆ. ಈಗ ಗಂಟಲಲ್ಲಿ ಕಫದ ಗೊರಗೊರ ಸದ್ದು. ಮಗ್ಗುಲಿಗೆ ಮಲಗಿಸಿ, ತಲೆ ತುಸು ಎತ್ತರಿಸಿ, ಮೂಗಿನ ನಳಿಕೆಯ ಆಹಾರ ಕಡಿಮೆ ಮಾಡಿದ್ದೇವೆ. ಆಳಕ್ಕೆ ಸಕ್ಷನ್ (ಕಫ ಹೀರಿ ತೆಗೆಯುವ ನಳಿಕೆ) ಹಾಕಿದರೆ ಒಳಪದರ ಕೆರಳಿ ಕಫ ಇನ್ನೂ ಹೆಚ್ಚುತ್ತದೆ, ಹಾಗಾಗಿ ಬಾಯಿಯೊಳಗಷ್ಟೇ. ಆ ಸದ್ದು ಮಗುವಿಗಿಂತ ಹೆತ್ತವರನ್ನೇ ಹೆಚ್ಚು ಹಿಂಸಿಸುತ್ತದೆ, ಪಾಪ.

ರಾತ್ರಿ ನೋವು ಏಕಾಏಕಿ ಏರಿದಾಗ ತಾಯಿ ಕೊಡಬೇಕಾದ ಹೆಚ್ಚುವರಿ ಡೋಸಿಗೆ, ದೊಡ್ಡಕ್ಷರದ ಒಂದು ಪುಟದ ಕನ್ನಡ ಚಾರ್ಟ್ ಯಾರಲ್ಲಾದರೂ ಇದೆಯೇ? ಮಿಲಿಗ್ರಾಂ, ಮಿಲಿಲೀಟರ್ ಎರಡೂ ಇರಲಿ, ಗೊಂದಲವಾಗುವುದೇ ಅಲ್ಲಿ.

ಇನ್ನೊಂದು: ಪುಟ್ಟ ತಂಗಿಗೆ ಹೇಗೆ ಹೇಳುವುದು? "ಅಣ್ಣ ನಿದ್ದೆ ಹೋಗ್ತಾನೆ" ಅಂದರೆ ಅವಳಿಗೆ ಮಲಗಲೇ ಭಯವಾಗಬಹುದು. ಸರಳ, ನೇರ ಮಾತುಗಳಿದ್ದರೆ ದಯವಿಟ್ಟು ಬರೆಯಿರಿ.